ಕಕ್ಷೆಯಿಂದ ಮರಳಿ ಬಂದ ಎರಡು ಉಪಗ್ರಹಗಳು

ಕೇಳುಗರಿಗೆ ನಮಸ್ಕಾರ.

1984ರ ಫೆಬ್ರವರಿ ಮೊದಲ ವಾರದಲ್ಲಿ ಅಮೆರಿಕದ ಚಾಲೆಂಜರ್ ನೌಕೆ ಎರಡು ಸಂಪರ್ಕ ಉಪಗ್ರಹಗಳನ್ನು ಹೊತ್ತುಕೊಂಡು ಹೋಗಿತ್ತು. ಒಂದು ವೆಸ್ಟರ್ನ್ ಯೂನಿಯನ್ ಕಂಪನಿಯ ವೆಸ್ಟಾರ್-6, ಇನ್ನೊಂದು ಇಂಡೊನೇಷ್ಯಾದ ಪಾಲಾಪ ಬಿ-2. ನೌಕೆಯಿಂದ ಹೊರಬಿದ್ದ ಮೇಲೆ ಅವುಗಳನ್ನು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯತ್ತ ತಳ್ಳಬೇಕಿದ್ದ ರಾಕೆಟ್ ಮೋಟಾರು ಕೆಲವೇ ಸೆಕೆಂಡು ಉರಿದು ನಿಂತುಹೋಯಿತು. ಮೊದಲು ಕೆಟ್ಟದ್ದು ವೆಸ್ಟಾರ್. ಅದನ್ನು ಕಂಡೂ ಎರಡು ದಿನ ಯೋಚಿಸಿದ ಇಂಡೊನೇಷ್ಯಾದವರು ತಮ್ಮದನ್ನು ಬಿಡಿಸಲು ಒಪ್ಪಿದರು, ಅದಕ್ಕೂ ಅದೇ ಗತಿಯಾಯಿತು. ಇದೇ ಬಗೆಯ ಮೋಟಾರು ಹಿಂದಿನ ಆಗಸ್ಟ್‌ನಲ್ಲಿ ನಮ್ಮ ಇನ್ಸಾಟ್-1ಬಿ ಉಪಗ್ರಹವನ್ನು ಸರಿಯಾಗಿಯೇ ಮೇಲಕ್ಕೆ ಕಳಿಸಿತ್ತು, ಹಾಸನದ ನಿಯಂತ್ರಣ ಕೇಂದ್ರದವರು ಅದನ್ನು ನಡೆಸುತ್ತಿದ್ದರು. ಅದೃಷ್ಟವೆಂಬುದು ತಂತ್ರಜ್ಞಾನದ ಲೆಕ್ಕಪುಸ್ತಕದಲ್ಲಿ ಇಲ್ಲದ ಬಾಬ್ತು, ಆದರೂ ಅಂದು ನಮ್ಮ ಪಾಲಿಗೆ ಅದು ಬಂದಿತ್ತು ಎನ್ನದೆ ವಿಧಿಯಿಲ್ಲ.

ಕೆಟ್ಟ ಎರಡೂ ಉಪಗ್ರಹಗಳಿಗೆ ವಿಮೆಯಿತ್ತು. ವಿಮಾದಾರರು ಸುಮಾರು 18 ಕೋಟಿ ಡಾಲರ್ ತೆತ್ತು ಅವುಗಳ ಒಡೆಯರಾದರು. ಮುಳುಗಿದ ಹಡಗಿನ ಸರಕಿನ ಮೇಲೆ ಹಕ್ಕು ಪಡೆಯುವುದು ಲಂಡನ್ನಿನ ಲಾಯ್ಡ್ಸ್‌ನವರಿಗೆ ಹಳೆಯ ಕಸುಬು. ಅದೇ ಕಸುಬನ್ನು ಅವರು ಈಗ ಕಕ್ಷೆಗೂ ವಿಸ್ತರಿಸಿದರು. ಮೊದಲು ಉಪಗ್ರಹಗಳು ಕೆಳಗಿಳಿಯಬೇಕಿತ್ತು. ಅವುಗಳಲ್ಲಿ ಉಳಿದಿದ್ದ ಇಂಧನವನ್ನೇ ಬಳಸಿ, ನೆಲದಿಂದ ಆಜ್ಞೆ ಕಳಿಸಿ, ನೌಕೆ ತಲುಪಬಲ್ಲ ಸುಮಾರು 360 ಕಿಲೋಮೀಟರ್ ಎತ್ತರಕ್ಕೆ ಅವನ್ನು ತಂದರು, ಬುಗುರಿಯಂತಹ ತಿರುಗಾಟವನ್ನೂ ಬಹಳಷ್ಟು ನಿಧಾನಗೊಳಿಸಿದರು.

ನವೆಂಬರ್ 8ರಂದು ಡಿಸ್ಕವರಿ ನೌಕೆ ಫ್ಲಾರಿಡಾದಿಂದ ಹೊರಟಿತು. ಫ್ರೆಡರಿಕ್ ಹಾಕ್ ನಾಯಕ, ಡೇವಿಡ್ ವಾಕರ್ ಚಾಲಕ. ಜೊತೆಗೆ ಜೋಸೆಫ್ ಆಲನ್, ಡೇಲ್ ಗಾರ್ಡ್‌ನರ್ ಹಾಗೂ ವೈದ್ಯೆ ಅನ್ನಾ ಫಿಷರ್. ತಾಯಿಯಾದ ಮೇಲೆ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ಈಕೆಯೇ. ನೌಕೆಯ ಯಂತ್ರತೋಳನ್ನು ನಡೆಸುವ ಹೊಣೆ ಇವರದು. ಹೊಸದಾಗಿ ಒಯ್ದಿದ್ದ ಎರಡು ಉಪಗ್ರಹಗಳನ್ನು ಬಿಟ್ಟು ಬರಿದಾದ ಜಾಗದಲ್ಲಿ ಕೆಟ್ಟ ಎರಡನ್ನು ತುಂಬಿಕೊಳ್ಳುವುದೇ ಯೋಜನೆ.

ನವೆಂಬರ್ 12ರಂದು ಆಲನ್ ಸಾರಜನಕ ಅನಿಲವನ್ನು ಚಿಮ್ಮಿಸಿ ಸಾಗುವ ಬೆನ್ನುಯಂತ್ರವನ್ನು ಕಟ್ಟಿಕೊಂಡು, ನೌಕೆಗೆ ಯಾವ ಹಗ್ಗದ ನಂಟೂ ಇಲ್ಲದೆ, ಪಾಲಾಪದ ಕಡೆಗೆ ತೇಲಿಹೋದರು. ಅವರ ಎದೆಯ ಮುಂದೆ ಸ್ಟಿಂಗರ್ ಎಂಬ ಉದ್ದನೆಯ ಸಲಾಕೆಯಿತ್ತು. ಉಪಗ್ರಹದ ಹಿಂಬದಿಯ ಮೋಟಾರಿನ ಬಾಯಿಯೊಳಕ್ಕೆ ಅದನ್ನು ತೂರಿಸಿದಾಗ ಅದರ ತುದಿಯ ಬೆರಳುಗಳು ಕೊಡೆಯ ಕಡ್ಡಿಗಳಂತೆ ಒಳಗೆ ಅರಳಿ ಬಿಗಿಯಾದವು. ಬೆನ್ನುಯಂತ್ರದ ಅನಿಲವನ್ನು ಎದುರು ದಿಕ್ಕಿಗೆ ಚಿಮ್ಮಿಸಿ ಆಲನ್ ಉಪಗ್ರಹದ ತಿರುಗಾಟವನ್ನು ನಿಲ್ಲಿಸಿದರು. ಫಿಷರ್ ಯಂತ್ರತೋಳು ಚಾಚಿ ಮನುಷ್ಯನನ್ನೂ ಉಪಗ್ರಹವನ್ನೂ ಒಟ್ಟಿಗೆ ಹಿಡಿದರು.

ಇಲ್ಲಿಯವರೆಗೆ ಎಲ್ಲವೂ ತಾಲೀಮಿನಂತೆಯೇ ನಡೆದಿತ್ತು. ಮುಂದೆ ಗಾರ್ಡ್‌ನರ್ ಉಪಗ್ರಹದ ತಲೆಯ ಕಡೆಗೆ ಒಂದು ಲೋಹದ ಚೌಕಟ್ಟನ್ನು ತೊಡಿಸಬೇಕು, ಯಂತ್ರತೋಳು ಆ ಚೌಕಟ್ಟನ್ನು ಹಿಡಿದುಕೊಳ್ಳಬೇಕು. ಚೌಕಟ್ಟು ಕೂರಲಿಲ್ಲ. ಯಾರೂ ಎಣಿಸದ ಒಂದು ಸಣ್ಣ ಉಬ್ಬು ಅಡ್ಡ ಬಂದಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸೌರ ವೀಕ್ಷಣೆಯ ಉಪಗ್ರಹವೊಂದನ್ನು ಹಿಡಿಯಹೋದಾಗಲೂ ಇಂತಹದೇ ಒಂದು ಚಿಕ್ಕ ಗುಬುಟು ಕೊಂಡಿ ಬೀಳದಂತೆ ತಡೆದಿತ್ತು. ನಕಾಶೆಯಲ್ಲಿರುವ ಯಂತ್ರವೇ ಬೇರೆ, ಎದುರಿಗಿರುವ ಯಂತ್ರವೇ ಬೇರೆ ಎಂಬುದನ್ನು ಗ್ಯಾರೇಜಿನ ಯಾವ ಮೇಸ್ತ್ರಿಯಾದರೂ ಒಪ್ಪುತ್ತಾನೆ.

ಆಗ ಬದಲಿ ಉಪಾಯಕ್ಕೆ ಕೈಹಾಕಿದರು. ಆಲನ್ ಬೆನ್ನುಯಂತ್ರವನ್ನು ಕಳಚಿಟ್ಟು, ನೌಕೆಯ ಅಂಚಿನಲ್ಲಿ ಪಾದಗಳನ್ನು ಸಿಕ್ಕಿಸಿಕೊಂಡು ನಿಂತು, ಎರಡು ಮೀಟರಿಗೂ ಮಿಕ್ಕಿದ ಅಗಲದ ಆ ಉಪಗ್ರಹವನ್ನು ತಲೆಯ ಮೇಲೆ ಎರಡೂ ಕೈಗಳಿಂದ ಹಿಡಿದುಕೊಂಡರು. ಹಾಗೆ ಹಿಡಿದು ನಿಂತದ್ದು ಸುಮಾರು 90 ನಿಮಿಷ; ಅಷ್ಟರಲ್ಲಿ ನೌಕೆ ಭೂಮಿಯನ್ನು ಒಂದು ಸುತ್ತು ಹಾಕಿತ್ತು. ತೂಕವಿಲ್ಲದ ವಸ್ತುವನ್ನು ಹಿಡಿಯುವುದರಲ್ಲಿ ಏನು ಕಷ್ಟ ಎಂದು ಕೇಳಬಹುದು. ಕಕ್ಷೆಯಲ್ಲಿ ತೂಕ ಕಾಣದಿದ್ದರೂ ಜಡತ್ವ ಹೋಗುವುದಿಲ್ಲ. ಅರ್ಧ ಟನ್ನಿಗೂ ಮೀರಿದ ಆ ರಾಶಿ ಒಮ್ಮೆ ಒಂದು ಕಡೆಗೆ ಸರಿಯತೊಡಗಿದರೆ ಅದನ್ನು ತಡೆಯಲು ನೆಲದ ಮೇಲಿನಷ್ಟೇ ಬಲ ಬೇಕು, ಅದೂ ಗಾಳಿ ತುಂಬಿ ಬಿಗಿದ ಕೈಗವಸಿನೊಳಗಿಂದ. ಆದ್ದರಿಂದ ಆಲನ್ ಅದನ್ನು ಅಲುಗಿಸದಿರುವುದಕ್ಕೇ ಹೆಚ್ಚು ಶ್ರಮಪಟ್ಟರು. ಆ ಹೊತ್ತಿನಲ್ಲಿ ಗಾರ್ಡ್‌ನರ್ ಇನ್ನೊಂದು ತುದಿಯಲ್ಲಿ ಒಬ್ಬರೇ ಬೋಲ್ಟುಗಳನ್ನು ಬಿಗಿದು, ಉಪಗ್ರಹವನ್ನು ತಳದಲ್ಲಿ ಕೂರಿಸುವ ಜೋಡಣೆಯನ್ನು ಮುಗಿಸಿದರು.

ಎರಡು ದಿನಗಳ ನಂತರ ವೆಸ್ಟಾರ್‌ನ ಸರದಿ. ಈ ಸಲ ಚೌಕಟ್ಟಿನ ಗೊಡವೆಗೇ ಹೋಗಲಿಲ್ಲ: ಗಾರ್ಡ್‌ನರ್ ಹಾರಿಹೋಗಿ ಹಿಡಿದರು, ಆಲನ್ ಯಂತ್ರತೋಳಿನ ತುದಿಯಲ್ಲಿ ನಿಂತು ಕೈಯಲ್ಲೇ ಇಳಿಸಿಕೊಂಡರು. ಕೆಲಸ ಮುಗಿದ ಮೇಲೆ ಇಬ್ಬರೂ ‘ಮಾರಾಟಕ್ಕಿದೆ’ ಎಂಬ ಫಲಕ ಹಿಡಿದು ಫೋಟೊ ತೆಗೆಸಿಕೊಂಡರು. ನವೆಂಬರ್ 16ರಂದು ನೌಕೆ ಹೊರಟ ಜಾಗಕ್ಕೇ ಬಂದಿಳಿಯಿತು.

ಫಲಕ ಹುಸಿಯಾಗಲಿಲ್ಲ. ದುರಸ್ತಿಗೊಂಡ ಎರಡೂ ಉಪಗ್ರಹಗಳು 1990ರ ಏಪ್ರಿಲ್‌ನಲ್ಲಿ ಮತ್ತೆ ಮೇಲೇರಿದವು. ಪಾಲಾಪ ಇಂಡೊನೇಷ್ಯಾಕ್ಕೇ ಸೇರಿತು. ವೆಸ್ಟಾರ್ ಹಾಂಗ್‌ಕಾಂಗಿನ ಕಂಪನಿಯೊಂದರ ಕೈಗೆ ಬಂದು, ಏಷ್ಯಾಸ್ಯಾಟ್-1 ಎಂಬ ಹೊಸ ಹೆಸರಿನಿಂದ, ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನಲ್ಲಿ ಹೋಯಿತು. 1991ರಲ್ಲಿ ಸ್ಟಾರ್ ಟಿವಿ, 1992ರ ಅಕ್ಟೋಬರ್‌ನಲ್ಲಿ ಜೀ ಟಿವಿ ಭಾರತದ ಮನೆಗಳಿಗೆ ಬಂದದ್ದು ಈ ಉಪಗ್ರಹದ ಮೂಲಕವೇ. ಆ ದಿನಗಳಲ್ಲಿ ನಮ್ಮ ಊರುಗಳ ಕೇಬಲ್‌ನವರು ತಾರಸಿಯ ಮೇಲೆ ನಿಲ್ಲಿಸಿದ ದೊಡ್ಡ ಡಿಶ್ಶುಗಳಲ್ಲಿ ಎಷ್ಟೋ ಮುಖ ಮಾಡಿದ್ದು ಆಲನ್ ಕೈಯಲ್ಲಿ ಹಿಡಿದಿದ್ದ ಆ ಯಂತ್ರದ ಕಡೆಗೆ.

ಇಂತಹ ಯಾತ್ರೆ ಮತ್ತೆ ನಡೆಯಲಿಲ್ಲ. 1986ರ ಜನವರಿಯಲ್ಲಿ ಚಾಲೆಂಜರ್ ಏಳು ಜನರೊಂದಿಗೆ ನಾಶವಾದ ಬಳಿಕ, ವಾಣಿಜ್ಯ ಉಪಗ್ರಹಕ್ಕಾಗಿ ಮನುಷ್ಯರ ಪ್ರಾಣವನ್ನು ಪಣಕ್ಕಿಡುವುದು ಸರಿಯಲ್ಲವೆಂದು ಅಮೆರಿಕ ತೀರ್ಮಾನಿಸಿತು, ಬೆನ್ನುಯಂತ್ರವನ್ನೂ ಬದಿಗಿಟ್ಟರು. ಆ ತೀರ್ಮಾನ ತಡವಾಗಿ ಬಂತೆಂದೇ ನನ್ನ ಅಭಿಪ್ರಾಯ. ಆ ತೀರ್ಮಾನದ ನಂತರವೂ, 1992ರ ಮೇ ತಿಂಗಳಲ್ಲಿ, ಎಂಡೆವರ್ ನೌಕೆಯವರು ಇಂಟೆಲ್‌ಸ್ಯಾಟ್‌ನ ಉಪಗ್ರಹವೊಂದನ್ನು ಹಿಡಿಯಲು ವಿಶೇಷ ಸಲಕರಣೆ ಒಯ್ದಿದ್ದರೂ ಅದು ಎರಡು ಬಾರಿ ಕೈಕೊಟ್ಟಿತು, ಕೊನೆಗೆ ಮೂವರು ಒಟ್ಟಿಗೆ ಹೊರಗೆ ಬಂದು ಬರಿಯ ಕೈಗವಸಿನಲ್ಲೇ ಅದನ್ನು ಹಿಡಿದರು. ಅದನ್ನು ಕೆಳಕ್ಕೆ ತರಲಿಲ್ಲ. ಹೊಸ ಮೋಟಾರು ಜೋಡಿಸಿ ಅಲ್ಲಿಂದಲೇ ಮೇಲಕ್ಕೆ ಕಳಿಸಿದರು.

ನಮಸ್ಕಾರ.