‘ಆಂಟಿ, ಇದು ನಿಜವಾ?’

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು, ಲೋಕಲ್ ಟ್ರೇನುಗಳನ್ನು ತಡೆಯುವ ರಿಪೇರಿ ಮೆಗಾಬ್ಲಾಕ್ ದಾಟಿಕೊಂಡು ಬಂದಿದ್ದೀರಿ. ಪೀಠಿಕೆ ಹಾಕಿ ನಿಮ್ಮ ತಲೆ ತಿನ್ನುವುದಿಲ್ಲ. ಮುಂಬಯಿಯ ನಮ್ಮ ಕನ್ನಡ ಕ್ಲಾಸಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಕಥೆ ಹೇಳುವ ಬಗ್ಗೆ ಮಾತಾಡಿ ಅಂದರು. ಸರಿ, ಮೊದಲು ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ಬೊರಿವಲಿಯ ಕಾಡಿನೊಳಗಿರುವ ಕಾನ್ಹೇರಿ ಗುಹೆಗೆ ಹೋದಾಗ ನೋಟ್‌ಬುಕ್ ತುಂಬ ಬರೆದುಕೊಂಡು ಹೋಗಿದ್ದೆ. ಶಾತವಾಹನರು, ತ್ರೈಕೂಟಕರು, ರಾಷ್ಟ್ರಕೂಟರು, ಶಿಲಾಹಾರರು. ಮಕ್ಕಳನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದೆ. ಎರಡನೇ ರಾಜವಂಶಕ್ಕೆ ಬರುವಷ್ಟರಲ್ಲಿ ಒಂದು ಮಂಗ ಇಳಿದು ಬಂದು ಚಿಪ್ಸ್ ಪೊಟ್ಟಣ ಕಿತ್ತುಕೊಂಡು ಹೋಯಿತು. ಅಲ್ಲಿಗೆ ನನ್ನ ಪಾಠ ಮುಗಿಯಿತು. ಮನೆಗೆ ಹೋದ ಮಕ್ಕಳು ಹೇಳಿದ್ದು ಮಂಗನ ಕಥೆ ಮಾತ್ರ. ತಪ್ಪು ಮಂಗನದ್ದಲ್ಲ. ಕ್ಲಾಸ್‌ರೂಮನ್ನೇ ಹೊತ್ತುಕೊಂಡು ಹೋಗಿ ಬೆಟ್ಟದ ಮೇಲೆ ಇಟ್ಟಿದ್ದೆ, ಅಷ್ಟೇ.

ಮುಂದಿನ ಸಲ ಹುಷಾರಾದೆ. ಮಕ್ಕಳಿಗೆ ಇಷ್ಟ ಆಗಲಿ ಅಂತ, ‘ಒಂದೇ ರಾತ್ರಿಯಲ್ಲಿ ಪಾಂಡವರು ಈ ಗುಹೆಗಳನ್ನೆಲ್ಲ ಕೊರೆದರಂತೆ’ ಎಂದು ಶುರು ಮಾಡಿದೆ. ಹಳೆಯ ಗುಹೆ ಕಂಡರೆ ಸಾಕು, ಪಾಂಡವರ ಹೆಸರು ಹೇಳುವ ರೂಢಿ ಎಲ್ಲ ಕಡೆ ಇದೆ, ಅಲ್ವಾ? ನಾವು ನಿಂತಿದ್ದು ಒಂದನೇ ಗುಹೆಯ ಎದುರು. ಮುಂದೆ ಎರಡು ದಪ್ಪ ಕಂಬ. ಒಳಗೆ ಹೋದರೆ ಒರಟು ಬಂಡೆ. ಕೆಲಸ ಅರ್ಧಕ್ಕೇ ನಿಂತ ಗುಹೆ ಅದು. ಏಳು ವರ್ಷದ ಹುಡುಗ ಕೇಳಿದ, ‘ಆಂಟಿ, ಇದು ನಿಜವಾ? ಹಾಗಾದ್ರೆ ಇದ್ಯಾಕೆ ಅರ್ಧಕ್ಕೆ ನಿಂತಿದೆ?’ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗಿ ಹೇಳಿದಳು, ‘ಅಷ್ಟರಲ್ಲಿ ಕೋಳಿ ಕೂಗಿರಬೇಕು!’

ಅವತ್ತು ಜಗಳವೇ ಶುರುವಾಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಒಂದು ಗುಂಪು ಕೋಳಿಯ ಪರ, ಇನ್ನೊಂದು ಗುಂಪು ‘ದುಡ್ಡು ಖಾಲಿಯಾಗಿರಬೇಕು’ ಅನ್ನುವ ಪರ. ಆಮೇಲೆ ಎಲ್ಲರೂ ಸೇರಿ ಉಳಿಯ ಗುರುತು ಹುಡುಕಲು ಹೊರಟರು. ಸಿಕ್ಕಿತು. ಒಂದರ ಪಕ್ಕ ಒಂದು, ಓರೆಯಾಗಿ ಬಿದ್ದ ಏಟುಗಳು. ಒಬ್ಬ ಒಂದು ಗೇಣು ಜಾಗದಲ್ಲಿ ಎಷ್ಟು ಏಟಿವೆ ಎಂದು ಎಣಿಸಿದ. ಆಮೇಲೆ ತಲೆ ಎತ್ತಿ ಗೋಡೆ ನೋಡಿದ. ಸುಮ್ಮನಾದ. ಒಂದೇ ರಾತ್ರಿಯ ಕೆಲಸ ಅಲ್ಲ ಅನ್ನುವುದು ಅವನಿಗೆ ಗೊತ್ತಾಗಿತ್ತು. ನಾನು ಹೇಳಬೇಕಾದ್ದು ಇಷ್ಟೇ ಉಳಿದಿತ್ತು: ಇಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ, ಬೌದ್ಧ ಭಿಕ್ಷುಗಳಿಗಾಗಿ ಕೊರೆದದ್ದು, ಸುಮಾರು ಸಾವಿರ ವರ್ಷ ಕೆಲಸ ನಡೆಯಿತು. ಆ ‘ಸಾವಿರ ವರ್ಷ’ ಅವತ್ತು ಅವರ ಕಿವಿಗೆ ಬಿತ್ತು.

ಹೊರಗೆ ಕಥೆ ಹೇಳುವುದರ ಲಾಭ ಇದು ಎಂದು ನನಗೆ ಅನಿಸುತ್ತದೆ. ಗಾಳಿ, ಬೆಳಕು, ಮೊಬೈಲಿನಿಂದ ದೂರ, ಅದೆಲ್ಲ ಸರಿ. ಆದರೆ ‘ನಿಜವಾ?’ ಎಂದು ಮಗು ಕೇಳಿದಾಗ ಅದೇ ಹೋಗಿ ನೋಡಿಕೊಂಡು ಬರಬಹುದು. ಹಾಲ್‌ನಲ್ಲಿ ಕೂತರೆ ನನ್ನ ಮಾತು ನಂಬಬೇಕು, ಇಲ್ಲ ಬಿಡಬೇಕು.

ಶಿಲ್ಪಗಳನ್ನು ಮುಟ್ಟಲು ನಾವು ಬಿಡುವುದಿಲ್ಲ. ಅದರಲ್ಲಿ ರಾಜಿ ಇಲ್ಲ. ಆದರೆ ಬಂಡೆಯ ಮೇಲೆ ಸಣ್ಣ ಸಣ್ಣ ಕಾಲುವೆಗಳಿವೆ. ಅಲ್ಲಿ ನಮ್ಮದೊಂದು ಆಟ. ಬಾಟಲಿಯ ನೀರನ್ನು ನಿಧಾನಕ್ಕೆ ಸುರಿಯುವುದು. ನೀರು ಎಲ್ಲಿಗೆ ಹೋಗುತ್ತದೋ ಮಕ್ಕಳು ಅದರ ಹಿಂದೆ ಹೋಗಬೇಕು. ನೀರು ತಿರುಗುತ್ತದೆ, ಒಂದು ಕಡೆ ನಿಂತು ಯೋಚನೆ ಮಾಡಿದ ಹಾಗೆ ಮಾಡುತ್ತದೆ, ಮತ್ತೆ ಜಾರಿ ಗುಹೆಯ ಪಕ್ಕದ ತೊಟ್ಟಿಯ ಕಡೆ ಇಳಿಯುತ್ತದೆ. ‘ಆಂಟಿ, ಟ್ಯಾಂಕ್!’ ಎಂದು ಕೂಗುತ್ತಾರೆ. ಹೌದು, ಟ್ಯಾಂಕೇ. ಹೆಚ್ಚುಕಡಿಮೆ ಗುಹೆಗೊಂದು ತೊಟ್ಟಿ. ಇಲ್ಲಿನ ಶಾಸನಗಳಲ್ಲಿ ಇದಕ್ಕೆ ‘ಪೋಢಿ’ ಅನ್ನುವ ಪ್ರಾಕೃತ ಹೆಸರಿದೆ. ತೊಟ್ಟಿ ಕಟ್ಟಿಸಲು ದುಡ್ಡು ಕೊಟ್ಟವರಲ್ಲಿ ಕಲ್ಯಾಣದ ವ್ಯಾಪಾರಿಗಳೂ ಇದ್ದರು. ಈಗ ನೀವು ಲೋಕಲ್ ಹತ್ತುವ ಅದೇ ಕಲ್ಯಾಣ್.

ನಾಲ್ಕು ತಿಂಗಳು ಸುರಿಯುತ್ತದೆ, ಎಂಟು ತಿಂಗಳು ಹನಿ ಇಲ್ಲ. ಮುಂಬಯಿಯ ಮಳೆ ಆಗಲೂ ಹೀಗೇ ಇದ್ದಿರಬೇಕು. ಭಿಕ್ಷುಗಳು ತೊಟ್ಟಿ ಕೊರೆದರು. ಬ್ರಿಟಿಷರು ಇದೇ ಕಾಡಿನಲ್ಲಿ 1860ರಲ್ಲಿ ವಿಹಾರ್ ಕೆರೆ ಕಟ್ಟಿದರು, 1879ರಲ್ಲಿ ತುಳಸಿ ಕೆರೆ. ಎರಡೂ ಇವತ್ತಿಗೂ ನಗರಕ್ಕೆ ನೀರು ಕೊಡುತ್ತವೆ. ಒಂದು ಬಾಟಲಿ ನೀರಿನಿಂದ ಶುರುವಾದ ಕಥೆ ಮಗುವಿನ ಮನೆಯ ನಲ್ಲಿಗೆ ಬಂದು ಸೇರುತ್ತದೆ.

ಇನ್ನು ನಮ್ಮ ಮಕ್ಕಳಿಗೆ ಅಂತಲೇ ಇಟ್ಟುಕೊಂಡ ಕಥೆ ಒಂದಿದೆ. ಕಾನ್ಹೇರಿಯಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಹೌದು, ‘ಕವಿರಾಜಮಾರ್ಗ’ದ ಕಾಲದ ಅದೇ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಕೈಕೆಳಗೆ ಕೊಂಕಣವನ್ನು ನೋಡಿಕೊಂಡವರು ಶಿಲಾಹಾರರು. ಶಕ 775ರ, ಅಂದರೆ ಕ್ರಿ.ಶ. 853ರ ಸುಮಾರಿನ ಶಾಸನದಲ್ಲಿ ಗೌಡ ದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಬೌದ್ಧ ಭಕ್ತನೊಬ್ಬ ಭಿಕ್ಷುಗಳಿಗಾಗಿ 100 ದ್ರಮ್ಮ ನಾಣ್ಯ ಕೊಟ್ಟ ವಿಷಯ ಇದೆ. ಕೊಟ್ಟವನು ಬಂಗಾಳಿ, ಊರು ಕೊಂಕಣದ್ದು, ಚಕ್ರವರ್ತಿ ಕನ್ನಡದವನು. ‘ನಮ್ಮ ಬಿಲ್ಡಿಂಗ್ ಥರಾನೇ!’ ಅಂದಳು ಒಬ್ಬಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಕೆಲವು ಅಪ್ಪಂದಿರು ಇದನ್ನು ಕೇಳಿದ ಕೂಡಲೇ ‘ನೋಡು, ಮುಂಬಯಿ ಮೊದಲು ನಮ್ದೇ ಆಗಿತ್ತು’ ಎಂದು ಮಗುವಿನ ಬೆನ್ನು ತಟ್ಟುತ್ತಾರೆ. ದಯವಿಟ್ಟು ಬೇಡ. ಶಾಸನ ಇರುವುದು ಸಂಸ್ಕೃತದಲ್ಲಿ, ಗುಹೆ ಬೌದ್ಧರದ್ದು.

ಎಲ್ಲ ಪ್ರಶ್ನೆಗೂ ಉಳಿಯ ಗುರುತಿನಂಥ ಉತ್ತರ ಸಿಗುವುದಿಲ್ಲ. ಆ ಕಾಡಿನ ಪಾಡಾಗಳಲ್ಲಿ, ಅಂದರೆ ಹಾಡಿಗಳಲ್ಲಿ, ವಾರ್ಲಿ ಆದಿವಾಸಿ ಜನ ಇದ್ದಾರೆ. ಅವರು ವಾಘೋಬಾ ಎಂಬ ಹುಲಿ-ಚಿರತೆಯ ದೇವರನ್ನು ಪೂಜಿಸುತ್ತಾರೆ. ಅದನ್ನು ಹೇಳಿದ ತಕ್ಷಣ ಕರಾವಳಿ ಮನೆಯ ಮಕ್ಕಳು, ‘ನಮ್ಮೂರಲ್ಲಿ ಪಿಲಿಚಾಮುಂಡಿ ಇದೆ’ ಅನ್ನುತ್ತಾರೆ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ಅದು ಅಲ್ಲಿನ ದೈವ. ಆಮೇಲೆ ಅದೇ ಪ್ರಶ್ನೆ: ‘ವಾಘೋಬಾ ನಿಜವಾ?’ ನಾನು ಹೇಳುವುದು, ಚಿರತೆ ನಿಜ, ಈ ಕಾಡಿನಲ್ಲೇ ಇದೆ, ಅದಕ್ಕೇ ನಾವು ಸಂಜೆಗೆ ಮೊದಲು ಹೊರಡುತ್ತೇವೆ. ಅದರ ಜೊತೆಗೇ ಬದುಕುವವರು ಅದಕ್ಕೆ ಕೈ ಮುಗಿಯುತ್ತಾರೆ, ಅದೂ ನಿಜ. ಮಕ್ಕಳಿಗೆ ಅಷ್ಟು ಸಾಕಾಗುತ್ತದೆ. ನಮಗೆ ದೊಡ್ಡವರಿಗೇ ಸಾಕಾಗುವುದಿಲ್ಲ.

ಬೊರಿವಲಿ ದೂರ ಎನ್ನುವವರಿಗೆ ಅಂಧೇರಿಯ ಗಿಲ್ಬರ್ಟ್ ಹಿಲ್ ಇದೆ. ಬಿಲ್ಡಿಂಗ್‌ಗಳ ನಡುವೆ ಸುಮಾರು 200 ಅಡಿ ಎತ್ತರದ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಲಾವಾ ತಣ್ಣಗಾಗುತ್ತಾ ಕುಗ್ಗಿತು, ಸೀಳಿತು, ಕಂಬ ಕಂಬವಾಗಿ ನಿಂತಿತು. ರಜೆಯಲ್ಲಿ ಊರಿಗೆ ಹೋದಾಗ ಒಣಗಿದ ಕೆರೆಯ ಕೆಸರು ಬಿರುಕು ಬಿಟ್ಟದ್ದು ನೋಡಿದ ಮಗುವಿಗೆ ಇದು ಥಟ್ಟನೆ ಹೊಳೆಯುತ್ತದೆ. ಅದೂ ಆಗದಿದ್ದರೆ ಲೋಕಲ್ ಟ್ರೇನೇ ಸಾಕು. ಚಿಂಚ್‌ಪೋಕ್ಲಿಯಲ್ಲಿ ‘ಚಿಂಚ್’ ಎಂದರೆ ಹುಣಸೆ. ವಡಾಲಾದಲ್ಲಿ ‘ವಡ’ ಎಂದರೆ ಆಲ ಎನ್ನುತ್ತಾರೆ. ಇಳಿದು ಹುಡುಕಿ, ಮರ ಇದೆಯಾ ನೋಡಿ. ಇಲ್ಲದಿದ್ದರೆ ಅದೂ ಒಂದು ಕಥೆ.

ಕಾರ್ವಿ ಹೂವಿನ ಬಗ್ಗೆ ಹೇಳಲೇಬೇಕು. ನೀಲಿ ನೇರಳೆ ಹೂವು, ಸುಮಾರು ಎಂಟು ವರ್ಷಕ್ಕೊಮ್ಮೆ. ಬೊರಿವಲಿ ಕಾಡಿನಲ್ಲಿ 2016ರಲ್ಲಿ ಬಿಟ್ಟಿತು, ಮತ್ತೆ 2024ರಲ್ಲಿ. ಮೊದಲ ಸಲ ನನ್ನ ಕೈ ಹಿಡಿದು ನೋಡಿದ್ದ ಹುಡುಗ ಎರಡನೇ ಸಲ ಮೀಸೆ ಚಿಗುರಿಸಿಕೊಂಡು ಬಂದಿದ್ದ. ಚಿಕ್ಕ ಮಕ್ಕಳಿಗೆ ಕಥೆ ಹೇಳಿದ್ದು ಅವತ್ತು ಅವನೇ. ನನಗಿಂತ ಚೆನ್ನಾಗಿ ಹೇಳಿದ, ಸ್ವಲ್ಪ ಸುಳ್ಳೂ ಸೇರಿಸಿದ. ಒಬ್ಬಳು ಹಿಡಿದೂಬಿಟ್ಟಳು.

ಮುಂದಿನ ಭಾನುವಾರ ಬೆಳಗ್ಗೆ ಏಳೂವರೆಗೆ ಬೊರಿವಲಿ ಗೇಟ್ ಹತ್ತಿರ ಸಿಗೋಣ. ಹನ್ನೆರಡು ಮಕ್ಕಳಿಗಿಂತ ಜಾಸ್ತಿ ಬೇಡ, ಕಥೆ ಹಿಂದಿನವರಿಗೆ ಕೇಳಿಸುವುದಿಲ್ಲ. ಎರಡು ಬಾಟಲಿ ನೀರು ಕೊಟ್ಟು ಕಳಿಸಿ. ಒಂದು ಕುಡಿಯಲು, ಒಂದು ಬಂಡೆಗೆ ಸುರಿಯಲು. ಚಿಪ್ಸ್ ಮಾತ್ರ ಬೇಡ.