ನೀಲಿ ಅಕ್ಷರದ ಭಾಷೆ: ‘ಸಾಗಾ’ ಚಿತ್ರಕಥೆಯ ಅಭಿಮಾನಿಯೊಬ್ಬನ ಮಾತು

ಮಾನ್ಯ ಅಧ್ಯಕ್ಷರೇ, ಗ್ರಂಥಾಲಯದ ಪದಾಧಿಕಾರಿಗಳೇ, ಈ ಮಳೆಯಲ್ಲಿಯೂ ಕೊಡೆ ಹಿಡಿದು ಬಂದಿರುವ ಓದುಗ ಬಂಧುಗಳೇ,

ವಾಚನ ಸಪ್ತಾಹದ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆಯೋ ಕಯ್ಯಾರ ಕಿಞ್ಞಣ್ಣ ರೈಗಳ ಬಗ್ಗೆಯೋ ನಾನು ಮಾತನಾಡಬಹುದೆಂದು ಕಾರ್ಯದರ್ಶಿಗಳು ಭಾವಿಸಿದ್ದರು. ಅಮೆರಿಕದ ಒಂದು ಕಾಮಿಕ್ಸಿನ ಬಗ್ಗೆ ಎಂದು ನಾನು ಹೇಳಿದ ಮೇಲೆ ಫೋನಿನ ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಅನಂತರ ಅವರು, “ಮಕ್ಕಳೂ ಬರುತ್ತಾರಲ್ಲ, ಆಗಬಹುದು” ಎಂದರು. ಈ ಪುಸ್ತಕ ಮಕ್ಕಳಿಗೆ ಆಗುವುದಿಲ್ಲ ಎಂಬುದನ್ನು ನಾನು ಆಗಲೇ ತಿಳಿಸಬೇಕಾಗಿತ್ತು, ಈಗ ತಿಳಿಸುತ್ತಿದ್ದೇನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಪುಸ್ತಕದ ಹೆಸರು ‘ಸಾಗಾ’. ಬರೆಯುವವರು ಅಮೆರಿಕದ ಬ್ರಯನ್ ಕೆ. ವಾನ್, ಚಿತ್ರ ಬಿಡಿಸುವವರು ಕೆನಡಾದ ಫಿಯೋನಾ ಸ್ಟೇಪಲ್ಸ್. ಇಮೇಜ್ ಕಾಮಿಕ್ಸ್ ಎಂಬ ಸಂಸ್ಥೆ ಇದರ ಮೊದಲ ಸಂಚಿಕೆಯನ್ನು 2012ರ ಮಾರ್ಚ್‌ನಲ್ಲಿ ಹೊರತಂದಿತು. ಆರಾರು ಸಂಚಿಕೆಗಳನ್ನು ಸೇರಿಸಿ ಒಂದೊಂದು ಸಂಪುಟ ಮಾಡುತ್ತಾರೆ. ನಾನು ಓದಿದ್ದು ಸಂಪುಟಗಳಲ್ಲಿಯೇ. ಒಟ್ಟು 108 ಸಂಚಿಕೆಗಳಿಗೆ ಕಥೆ ಮುಗಿಯುತ್ತದೆ ಎಂದು ಲೇಖಕರು ಹೇಳಿದ್ದಾರೆ. 72ನೆಯ ಸಂಚಿಕೆಯೊಂದಿಗೆ ಹನ್ನೆರಡನೆಯ ಸಂಪುಟದವರೆಗಿನ ಕಥೆ ಬಂದಿದೆ. ಲೆಕ್ಕಕ್ಕೆ ಮೂರರಲ್ಲಿ ಎರಡು ಪಾಲು. ಜಪಮಣಿಯ ಸಂಖ್ಯೆಯನ್ನೇ ಅವರು ಆರಿಸಿಕೊಂಡದ್ದು ಏಕೆ ಎಂದು ನಮ್ಮ ಮನೆಯ ಹಿರಿಯರೊಬ್ಬರು ಕೇಳಿದ್ದರು. ಅದು 54ರ ಎರಡು ಪಟ್ಟು ಎಂದಷ್ಟೇ ನಾನು ಹೇಳಿದೆ. ಆ 54ಕ್ಕೂ ನನಗೂ ಒಂದು ಕಥೆ ಇದೆ.

ವಿಜ್ಞಾನ ಕಥೆಯ ಚಿತ್ರಗಳು ಕಾಸರಗೋಡಿನ ಮಕ್ಕಳಿಗೆ ಹೊಸತೇನಲ್ಲ. ನಮ್ಮಲ್ಲಿ ಅನೇಕರು ಮಕ್ಕಳ ಪತ್ರಿಕೆ ‘ಬಾಲಮಂಗಳ’ದ ಡಿಂಗನನ್ನು ಓದಿ ಬೆಳೆದವರು. ಬೇರೆ ಗ್ರಹದವರು ಒಂದು ಇಲಿಯನ್ನು ಹಿಡಿದುಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಅದಕ್ಕೆ ಮಹಾಶಕ್ತಿ ಬಂತು ಎಂಬುದು ಡಿಂಗನ ಪೂರ್ವವೃತ್ತಾಂತ. ಕೂಲಂಕಷವಾಗಿ ನೋಡಿದರೆ ಅದು ಅಪ್ಪಟ ವಿಜ್ಞಾನ ಕಥೆ. ಪಕ್ಕದ ಮನೆಯ ಮಲಯಾಳ ಮಾಧ್ಯಮದ ಹುಡುಗನ ಕೈಯಲ್ಲಿ ಅದೇ ಇಲಿ ‘ಡಿಂಗನ್’ ಆಗಿರುತ್ತಿತ್ತು. ನಮ್ಮಿಬ್ಬರಿಗೆ ಇಲಿ ಒಂದೇ, ಲಿಪಿ ಎರಡು. ಅವನ ಪುಸ್ತಕದಲ್ಲಿ ಮುಂದಿನ ಕಥೆ ಮೊದಲು ಬಂದರೆ ಚಿತ್ರವನ್ನು ನೋಡಿಯೇ ಕಥೆಯನ್ನು ಊಹಿಸಿಕೊಳ್ಳುತ್ತಿದ್ದೆ, ಮಾತಿನ ಗುಳ್ಳೆಯೊಳಗಿನ ಅಕ್ಷರಗಳನ್ನು ಚಿತ್ರದ ಇನ್ನೊಂದು ಭಾಗವೆಂದು ತಿಳಿದು ಸುಮ್ಮನೆ ನೋಡುತ್ತಿದ್ದೆ. ‘ಸಾಗಾ’ ಕೈಗೆ ಬಂದಾಗ ನನಗೆ ಮೊದಲು ನೆನಪಾದದ್ದು ಡಿಂಗನನ್ನು ಹಾಗೆ ನೋಡುತ್ತಿದ್ದ ಆ ಜಗಲಿ.

ಕಥೆಯ ಹೊರಚೌಕಟ್ಟು ಸರಳವಾಗಿದೆ. ಲ್ಯಾಂಡ್‌ಫಾಲ್ ಎಂಬ ದೊಡ್ಡ ಗ್ರಹ, ಅದರ ಉಪಗ್ರಹ ರೀತ್. ಗ್ರಹದವರಿಗೆ ರೆಕ್ಕೆ, ಉಪಗ್ರಹದವರಿಗೆ ಕೊಂಬು. ಎಷ್ಟೋ ಕಾಲದಿಂದ ಇಬ್ಬರಿಗೂ ಯುದ್ಧ. ಆದರೆ ಒಂದು ನಾಶವಾದರೆ ಇನ್ನೊಂದು ತನ್ನ ಕಕ್ಷೆಯನ್ನು ಬಿಟ್ಟು ಎಲ್ಲಿಗೋ ಹೋಗಿಬಿಡುತ್ತದೆ. ಆದುದರಿಂದ ಇಬ್ಬರೂ ತಮ್ಮ ಮನೆಯಂಗಳದಲ್ಲಿ ಜಗಳವಾಡುವುದನ್ನು ನಿಲ್ಲಿಸಿ, ಯುದ್ಧವನ್ನು ಇತರರ ಗ್ರಹಗಳಿಗೆ ಸಾಗಿಸಿದ್ದಾರೆ. ಸಾಯುವವರು ಹೆಚ್ಚಾಗಿ ಮೂರನೆಯವರು. ಇಂತಹ ಒಂದು ಗ್ರಹದ ಸೆರೆಮನೆಯಲ್ಲಿ ರೆಕ್ಕೆಯ ಅಲಾನಾ ಕಾವಲುಗಾರ್ತಿ, ಕೊಂಬಿನ ಮಾರ್ಕೋ ಯುದ್ಧಕೈದಿ. ಅವರು ಪ್ರೀತಿಸಿ ಓಡಿಹೋಗುತ್ತಾರೆ. ಅವರಿಗೆ ಒಂದು ಹೆಣ್ಣುಮಗು ಹುಟ್ಟುತ್ತದೆ. ಹೇಝಲ್ ಎಂಬ ಈ ಮಗುವಿಗೆ ಪುಟ್ಟ ಕೊಂಬೂ ಇದೆ, ಪುಟ್ಟ ರೆಕ್ಕೆಯೂ ಇದೆ. ಇಂತಹ ಮಗುವೊಂದು ಬದುಕಿದೆ ಎಂಬ ಸುದ್ದಿಯೇ ಎರಡೂ ಕಡೆಯ ಸರಕಾರಗಳಿಗೆ ತಡೆಯಲಾರದ ಸಂಕಟ. ಮಿಕ್ಕದ್ದೆಲ್ಲ ಓಟ.

ಪ್ರೇಮಿಗಳ ಓಟವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಥೆ ಹೇಳುವವರು ಯಾರು ಎಂಬುದು. ಮೊದಲ ಪುಟದಲ್ಲಿ ಹುಟ್ಟುತ್ತಿರುವ ಮಗುವೇ, ಬೆಳೆದು ದೊಡ್ಡವಳಾದ ಮೇಲೆ, ಈ ಕಥೆಯನ್ನು ಹೇಳುತ್ತಿದೆ. ಎಷ್ಟು ದೊಡ್ಡವಳಾಗಿ, ಎಲ್ಲಿ ಕುಳಿತು ಹೇಳುತ್ತಿದ್ದಾಳೆ ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಪಾತ್ರಗಳ ಮಾತು ಎಂದಿನಂತೆ ಗುಳ್ಳೆಗಳೊಳಗೆ ಅಚ್ಚಿನ ಅಕ್ಷರಗಳಲ್ಲಿದ್ದರೆ, ಹೇಝಲಳ ಮಾತು ಯಾವ ಗುಳ್ಳೆಯೂ ಚೌಕವೂ ಇಲ್ಲದೆ ಚಿತ್ರದ ಮೇಲೆಯೇ ಬರೆಯಲ್ಪಟ್ಟಿರುತ್ತದೆ, ಅದೂ ಸ್ಟೇಪಲ್ಸರ ಸ್ವಂತ ಕೈಬರಹದಲ್ಲಿ. ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ರಂಗಸ್ಥಳದ ಹಿಂದೆ ಕುಳಿತ ಭಾಗವತರಿಗೆ ಮುಂದೇನಾಗುವುದೆಂಬುದೆಲ್ಲ ಗೊತ್ತು. ವೇಷಧಾರಿಗೆ ಗೊತ್ತಿಲ್ಲ, ಅಥವಾ ಗೊತ್ತಿಲ್ಲದಂತೆ ಅರ್ಥ ಹೇಳಬೇಕು. ಪದ ಭಾಗವತರದ್ದು, ಅರ್ಥ ವೇಷದ್ದು. ‘ಸಾಗಾ’ದ ಒಂದು ಸಂಚಿಕೆಯ ಕೊನೆಯಲ್ಲಿ, ತಂದೆ ತಾಯಿ ಇನ್ನೂ ಒಂದೇ ಮನೆಯಲ್ಲಿರುವಾಗಲೇ, ಅವರು ಬೇರೆಯಾದುದು ಹೇಗೆ ಎಂಬುದೇ ತಾನು ಹೇಳಲಿರುವ ಕಥೆ ಎಂದು ಹೇಝಲ್ ತಿಳಿಸಿಬಿಡುತ್ತಾಳೆ. ಆ ಪುಟದ ಮುಂದೆ ಕುಳಿತ ನನ್ನ ಸ್ಥಿತಿ ಅಭಿಮನ್ಯು ಕಾಳಗದ ರಾತ್ರಿ ಚಾಪೆಯ ಮೇಲೆ ಕುಳಿತವನ ಸ್ಥಿತಿಯೇ ಆಗಿತ್ತು. ಹುಡುಗ ಹಿಂದಿರುಗುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಒಬ್ಬರೂ ಎದ್ದು ಹೋಗುವುದಿಲ್ಲ.

ಈಗ ನೀಲಿ ಅಕ್ಷರದ ವಿಷಯಕ್ಕೆ ಬರುತ್ತೇನೆ. ನಾನು ಈ ಪುಸ್ತಕಕ್ಕೆ ಮನಸೋತದ್ದು ಅಲ್ಲಿಯೇ. ಕೊಂಬಿನವರ ಭಾಷೆಯ ಹೆಸರೇ ‘ನೀಲಿ’. ಅದು ಪುಟದ ಮೇಲೆ ನೀಲಿ ಬಣ್ಣದ ಅಕ್ಷರಗಳಲ್ಲಿಯೇ ಅಚ್ಚಾಗಿರುತ್ತದೆ. ಅದರ ಅಡಿಯಲ್ಲಿ ಅನುವಾದವಿಲ್ಲ, ಕೊನೆಯಲ್ಲಿ ಶಬ್ದಾರ್ಥದ ಪಟ್ಟಿಯೂ ಇಲ್ಲ. ಮಾರ್ಕೋನ ತಂದೆ ತಾಯಿ ಸೊಸೆಯ ಎದುರಿಗೇ ಈ ಭಾಷೆಯಲ್ಲಿ ಮಾತನಾಡಿಕೊಳ್ಳುವಾಗ ಓದುಗನೂ ಸೊಸೆಯಷ್ಟೇ ಹೊರಗಿನವನು. ಇದು ಮನಬಂದಂತೆ ಹೆಣೆದ ಅಕ್ಷರಗಳಲ್ಲ, ಎಸ್ಪೆರಾಂಟೊ ಎಂಬ ನಿಜವಾದ ಭಾಷೆ. ಅದನ್ನು ರೂಪಿಸಿದ ಝಾಮೆನ್‌ಹಾಫ್ ಹುಟ್ಟಿದ್ದು 1859ರಲ್ಲಿ, ಈಗ ಪೋಲೆಂಡಿನಲ್ಲಿರುವ ಬ್ಯಾಲಿಸ್ಟಾಕ್ ಎಂಬ ಊರಿನಲ್ಲಿ. ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಶ್ ಎಂದು ಒಂದೊಂದು ಬೀದಿಗೆ ಒಂದೊಂದು ಮಾತಿದ್ದ ಊರು ಅದು. ಯಾರದ್ದೂ ಅಲ್ಲದ ಒಂದು ಭಾಷೆಯಿದ್ದರೆ ಈ ಜನ ಹಗೆಯಿಲ್ಲದೆ ಬಾಳಿಯಾರು ಎಂದು ಅವನಿಗೆ ಅನಿಸಿತು; 1887ರಲ್ಲಿ ಅದರ ಮೊದಲ ಪುಸ್ತಕವನ್ನು ಪ್ರಕಟಿಸಿದ. ಯಾರಿಗೂ ಶತ್ರುವಾಗಬಾರದೆಂದು ಹುಟ್ಟಿದ ಭಾಷೆಯೇ ಈ ಚಿತ್ರಕಥೆಯಲ್ಲಿ ‘ಶತ್ರುವಿನ ಭಾಷೆ’ ಆಗಿ ನಿಂತಿದೆ. ಇಂತಹ ಮಾತನ್ನು ವಾಕ್ಯದಲ್ಲಿ ಹೇಳಿದರೆ ಉಪದೇಶವಾಗುತ್ತಿತ್ತು; ಇವರು ಅಕ್ಷರದ ಬಣ್ಣವನ್ನು ಬದಲಾಯಿಸಿ ಸುಮ್ಮನಾದರು.

ಒಂದೆರಡು ಸಂಪುಟಗಳಾದ ಮೇಲೆ ಕುತೂಹಲ ತಡೆಯಲಾರದೆ ನಾನು ಸ್ವಲ್ಪ ಎಸ್ಪೆರಾಂಟೊ ಕಲಿತೆ. ನಾಮಪದಗಳೆಲ್ಲ ‘ಒ’ಕಾರದಲ್ಲಿ, ಗುಣವಾಚಕಗಳೆಲ್ಲ ‘ಅ’ಕಾರದಲ್ಲಿ ಮುಗಿಯುತ್ತವೆ, ಪುಸ್ತಕ ‘ಲಿಬ್ರೊ’, ನೀರು ‘ಅಕ್ವೊ’. ತಂದೆ ‘ಪಾತ್ರೊ’; ಅದಕ್ಕೇ ಒಂದು ಪ್ರತ್ಯಯ ಸೇರಿಸಿದರೆ ತಾಯಿ ‘ಪಾತ್ರಿನೊ’. ತಾಯಿಯನ್ನು ತಂದೆಯಿಂದ ಹುಟ್ಟಿಸುವ ವ್ಯಾಕರಣ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಸೀಮೆಯವರಾದ ನಮಗೆ ಒಪ್ಪಿಗೆಯಾಗುವುದು ಕಷ್ಟವೇ. ಅದಿರಲಿ. ಅಷ್ಟು ಕಲಿತು ಹಿಂದಿನ ಪುಟಗಳಿಗೆ ಮರಳಿದಾಗ ಕೆಲವು ಮಾತುಗಳು ತಿಳಿದವು. ಆದರೆ ತಿಳಿಯದೆ ಓದಿದ ಮೊದಲ ಓದೇ ಹೆಚ್ಚು ಸರಿಯಾಗಿತ್ತು ಎಂದು ನನಗೆ ತೋರುತ್ತದೆ.

ಏಕೆಂದರೆ ನಾನು ಮಲಯಾಳವನ್ನು ಕಲಿತದ್ದೂ ಹಾಗೆಯೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಸಹಪಾಠಿಯ ಮನೆಗೆ ಹೋದರೆ ಬ್ಯಾರಿ ಭಾಷೆ. ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ನಾನು ಮೊದಲು ಓದಲಿಲ್ಲ, ಗುರುತು ಹಿಡಿದೆ: ಉದ್ದದ ಹೆಸರು ಕಾಞಂಗಾಡಿನದ್ದು, ಗಿಡ್ಡದ್ದು ನಮ್ಮೂರಿನದ್ದು. ಒಂದು ದಿನ ಗಿಡ್ಡ ಹೆಸರಿನ ಬೇರೆ ಬಸ್ಸನ್ನು ಹತ್ತಿ, ಚಂದ್ರಗಿರಿಯ ಸೇತುವೆ ಬಂದಾಗ ತಪ್ಪು ಗೊತ್ತಾಗಿ ಅಳು ಬಂತು. ಇಳಿಸಿ ಹಿಂದಿನ ಬಸ್ಸಿಗೆ ಹತ್ತಿಸಿದ ನಿರ್ವಾಹಕರು ಏನು ಸಮಾಧಾನ ಹೇಳಿದರೆಂದು ಇಂದಿಗೂ ನನಗೆ ತಿಳಿಯದು, ಸಮಾಧಾನ ಹೇಳಿದರೆಂಬುದು ಮಾತ್ರ ತಿಳಿದಿತ್ತು. ಹೇಝಲ್ ಸ್ವಲ್ಪ ದೊಡ್ಡವಳಾದ ಮೇಲೆ ರೆಕ್ಕೆಯವರ ಬಂದೀಖಾನೆಯೊಂದರಲ್ಲಿ ಅಜ್ಜಿಯೊಂದಿಗೆ ಇರಬೇಕಾಗುತ್ತದೆ. ಅಲ್ಲಿ ಅವಳು ಕೊಂಬಿನ ಮಗುವಾಗಿ ಮಾತ್ರ ಕಾಣಿಸಿಕೊಳ್ಳುತ್ತಾಳೆ, ರೆಕ್ಕೆಗಳು ಬಟ್ಟೆಯೊಳಗೆ. ಕೊನೆಗೊಂದು ದಿನ ತನ್ನ ಅಧ್ಯಾಪಿಕೆಗೆ ಅವನ್ನು ತೋರಿಸುತ್ತಾಳೆ. ತರಗತಿಯಲ್ಲಿ ಬಾಯಿತಪ್ಪಿ ತುಳು ಮಾತನಾಡಿ ನಾಲಗೆ ಕಚ್ಚಿಕೊಂಡ ಯಾವ ಮಗುವೂ ಈ ಪುಟವನ್ನು ಬೇಗ ಮಗುಚಲಾರದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದುದರ ನೋವನ್ನು ಆ ಗ್ರಹಗಳ ಯುದ್ಧಕ್ಕೆ ಹೋಲಿಸಲು ನಾನು ಹೊರಟಿಲ್ಲ. ನಮ್ಮ ಗಡಿಯಲ್ಲಿ ಮನವಿಗಳು, ಸಭೆಗಳು, ಆಯೋಗದ ವರದಿ ಇವೆ. ಅದರ ಎರಡೂ ಬದಿಗಳಲ್ಲಿ ಮೀನು, ಅಡಿಕೆ, ಮದುವೆಯ ಸಂಬಂಧ ಎಲ್ಲವೂ ಓಡಾಡುತ್ತವೆ. ಹೋಲಿಕೆ ಇರುವುದು ಮಗುವಿನಲ್ಲಿ ಮಾತ್ರ: ಎರಡು ಕಡೆಯವರೂ ‘ನೀನು ಯಾರ ಪೈಕಿ’ ಎಂದು ಕೇಳುವಾಗ ಅದರ ಮುಖದಲ್ಲಿ ಏನು ಕಾಣಿಸುತ್ತದೆ ಎಂಬುದರಲ್ಲಿ.

ಮುಖವೆಂದೆ, ಚಿತ್ರಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ರೋಬೋಟ್ ರಾಜಮನೆತನದವರಿಗೆ ತಲೆಯ ಜಾಗದಲ್ಲಿ ಟೀವಿ ಪೆಟ್ಟಿಗೆ. ಕಣ್ಣು ಮೂಗು ಇಲ್ಲದ ಆ ರಾಜಕುಮಾರನ ಭಯವನ್ನು ಸ್ಟೇಪಲ್ಸ್ ಅವನ ಹೆಗಲಿನ ಬಾಗಿನಲ್ಲಿಯೇ ಬಿಡಿಸುತ್ತಾರೆ. ಅಂತರಿಕ್ಷನೌಕೆ ಇಲ್ಲಿ ಒಂದು ಮರ, ಬೇರುಸಹಿತವಾಗಿ ಹಾರುವ ಮರ. ಸುಪಾರಿ ಹಂತಕನೊಬ್ಬನ ಜೊತೆಗಿರುವ ದೊಡ್ಡ ಬೆಕ್ಕಿಗೆ ಬರುವುದು ಒಂದೇ ಮಾತು: ಎದುರಿನವರು ಸುಳ್ಳು ಹೇಳಿದರೆ ಅದು ‘ಸುಳ್ಳು’ ಎನ್ನುತ್ತದೆ. ಅಂತಹ ಬೆಕ್ಕೊಂದು ನಮ್ಮ ಪಂಚಾಯತ್ ಕಚೇರಿಯಲ್ಲಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮನೆಯಲ್ಲಿದ್ದರೆ ಎಂದು ಯೋಚಿಸಿಲ್ಲ.

ಪ್ರಶಸ್ತಿಗಳು ಬಂದಿವೆ. 2013ರಲ್ಲಿ ವಿಜ್ಞಾನ ಕಥೆಯ ಹ್ಯೂಗೋ, ಮುಂದುವರಿಯುತ್ತಿರುವ ಕಾಮಿಕ್ಸ್ ಸರಣಿಗಳಿಗೆ ಕೊಡುವ ಐಸ್ನರ್ ಪ್ರಶಸ್ತಿ 2013ರಿಂದ ಮೂರು ವರ್ಷ ಸತತವಾಗಿ. ಆಕ್ಷೇಪಗಳೂ ಬಂದಿವೆ. ಅಲಾನಾ ಮಗುವಿಗೆ ಮೊಲೆಯೂಡಿಸುತ್ತಿರುವ ಮೊದಲ ಸಂಚಿಕೆಯ ಮುಖಪುಟದಿಂದಲೇ ತಕರಾರು ಆರಂಭವಾಯಿತು. ಗ್ರಂಥಾಲಯಗಳಿಂದ ತೆಗೆದುಹಾಕಬೇಕೆಂದು ಅತಿ ಹೆಚ್ಚು ದೂರುಗಳು ಬಂದ ಪುಸ್ತಕಗಳೆಂದು ಅಮೆರಿಕದ ಗ್ರಂಥಾಲಯ ಸಂಘ ಪ್ರಕಟಿಸಿದ 2014ರ ಪಟ್ಟಿಯಲ್ಲಿ ಇದೂ ಇತ್ತು. ಮೊಲೆಯೂಡಿಸುವುದರಲ್ಲಿ ತಪ್ಪು ಹುಡುಕುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಳಗಿನ ಹಿಂಸೆಯೂ ನಗ್ನತೆಯೂ ಕೆಲವೆಡೆ ನನಗೇ ಅತಿಯೆನಿಸಿದೆ, ಮಕ್ಕಳ ಕಪಾಟಿನಲ್ಲಿ ಇದನ್ನು ಇಡಬಾರದು. ದಂಪತಿಗಳು ದೂರವಾದ ಮೇಲಿನ ನಡುವಿನ ಸಂಪುಟಗಳು ಎಳೆದಾಡುತ್ತವೆ ಎಂಬುದನ್ನೂ ಅಭಿಮಾನಿಯಾಗಿ ಒಪ್ಪಿಕೊಳ್ಳುತ್ತೇನೆ.

ಇನ್ನು 54ರ ಕಥೆ. 2018ರ ಜುಲೈಯಲ್ಲಿ 54ನೆಯ ಸಂಚಿಕೆ ಬಂತು, ಅಲ್ಲಿಗೆ ಲೇಖಕರು ಬಿಡುವು ಘೋಷಿಸಿದರು. ನಾನು ಆ ಸಂಚಿಕೆಯಿರುವ ಒಂಬತ್ತನೆಯ ಸಂಪುಟವನ್ನು ತರಿಸಿಕೊಂಡದ್ದು ಮರುವರ್ಷದ ಆಟಿ ತಿಂಗಳ ಮಳೆಯಲ್ಲಿ. ಪಾರ್ಸೆಲ್ ತಂದವರು ಗೇಟಿನ ಬಳಿ ಕಲ್ಲಿನ ಮೇಲೆ ಇಟ್ಟು ಹೋಗಿದ್ದರು. ನಾನು ಕೆಲಸದಿಂದ ಬರುವಷ್ಟರಲ್ಲಿ ಅದು ನೆನೆದ ಹಲಸಿನ ಹಪ್ಪಳದಂತಾಗಿತ್ತು. ನುಣುಪು ಕಾಗದವಾದುದರಿಂದ ಕೊನೆಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಚಿತ್ರ ಕಿತ್ತುಬರುತ್ತದೆ. ಅಮ್ಮ ಅದನ್ನು ತೆಗೆದುಕೊಂಡು, ಒಲೆಯ ಮೇಲಿನ ಅಟ್ಟದಲ್ಲಿ ಹುಣಸೆಹಣ್ಣಿನ ಭರಣಿಯ ಪಕ್ಕ ನಿಲ್ಲಿಸಿ ಇಟ್ಟರು. ಮೂರು ದಿನ ಅದು ಹೊಗೆ ಕುಡಿಯಿತು. ನಾಲ್ಕನೆಯ ದಿನ ಬಾಳೆಕಾಯಿ ಕೊಯ್ಯುವ ಚೂರಿಯ ಬೆನ್ನಿನಿಂದ ಹಾಳೆಗಳನ್ನು ಒಂದೊಂದಾಗಿ ಎಬ್ಬಿಸಿದೆ. ಹಾಗೆ ಎಬ್ಬಿಸಿದ ಹಾಳೆಗಳಲ್ಲಿ ಮಾರ್ಕೋ ಸತ್ತಿದ್ದ.

ಬಿಡುವು ಮೂರೂವರೆ ವರ್ಷ ನಡೆಯಿತು. ಅದರ ನಡುವೆ ಕೊರೋನಾ ಬಂತು, ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಮಂಗಳೂರಿನ ಆಸ್ಪತ್ರೆಗಳು ನಮಗೆ ಒಮ್ಮಿಂದೊಮ್ಮೆಲೆ ಬೇರೆ ಗ್ರಹದಷ್ಟು ದೂರವಾದವು. ಆ ದಿನಗಳಲ್ಲಿ ನಮ್ಮ ಮನೆಯಿಂದಲೂ ಒಬ್ಬರು ಹೋದರು. 2022ರ ಜನವರಿಯಲ್ಲಿ 55ನೆಯ ಸಂಚಿಕೆ ಬಂದಾಗ ಕಥೆ ನಿಂತಲ್ಲಿಂದಲೇ ಮುಂದುವರಿದಿರಲಿಲ್ಲ. ಅಲ್ಲಿಯೂ ಮೂರು ವರ್ಷ ಕಳೆದಿತ್ತು. ಹೇಝಲಳಿಗೆ ಹತ್ತು ವರ್ಷ. ಅವಳ ತಾಯಿ ಸಣ್ಣಪುಟ್ಟ ವ್ಯಾಪಾರದಿಂದ ಮನೆ ನಡೆಸುತ್ತಿದ್ದಳು. ತಂದೆಯಿಲ್ಲದ ಆ ವರ್ಷಗಳನ್ನು ಲೇಖಕರು ಬರೆದಿಲ್ಲ, ಏಕೆಂದರೆ ಅವನ್ನು ನಾವು ಕಳೆದಿದ್ದೆವು. ಒಂದೇ ಏಟಿಗೆ ಬರೆದು ಮುಗಿಸಿದ ಯಾವ ಕಾದಂಬರಿಯೂ ನನಗೆ ಇದನ್ನು ಕೊಡಲಾರದು. ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದುತ್ತೇನೆ ಎಂದು ಹೇಳುವ ಗೆಳೆಯರಿಗೆ ಕಥೆ ಪೂರ್ತಿ ಸಿಗುತ್ತದೆ, ಈ ಮೂರು ವರ್ಷಗಳು ಸಿಗುವುದಿಲ್ಲ.

ಸಂಚಿಕೆಗಳ ಕೊನೆಯಲ್ಲಿ ಓದುಗರ ಪತ್ರಗಳ ವಿಭಾಗವಿದೆ. ಅಲ್ಲಿಗೆ ಇ-ಮೇಲ್ ನಡೆಯುವುದಿಲ್ಲ, ಅಂಚೆಯಲ್ಲಿ ಬಂದ ಕಾಗದ ಮಾತ್ರ. ನಾನೂ ಒಂದನ್ನು ಬರೆದೆ. ಹೇಝಲ್ ಕನಸು ಕಾಣುವುದು ಯಾವ ಭಾಷೆಯಲ್ಲಿ ಎಂಬುದೊಂದೇ ನನ್ನ ಪ್ರಶ್ನೆ. ಅಂಚೆಕಚೇರಿಯಲ್ಲಿ ಲಕೋಟೆಯನ್ನು ತೂಗಿದವರು, “ಅಮೆರಿಕದಲ್ಲಿ ಮಗ ಇದ್ದಾನಾ?” ಎಂದು ಮಲಯಾಳದಲ್ಲಿ ಕೇಳಿದರು. “ಇಲ್ಲ, ಪರಿಚಯದ ಹುಡುಗಿಯೊಬ್ಬಳಿದ್ದಾಳೆ” ಎಂದೆ, ಅದೂ ಮಲಯಾಳದಲ್ಲಿಯೇ.

ಮೊದಲ ಸಂಪುಟವನ್ನು ಇಂದು ಗ್ರಂಥಪಾಲಕರ ಕೈಗೆ ಕೊಟ್ಟು ಹೋಗುತ್ತೇನೆ. ದಯವಿಟ್ಟು ಮೇಲಿನ ಕಪಾಟಿನಲ್ಲಿ ಇಡಿ. ಅದು ಹಿಂದಕ್ಕೆ ಬಂದರೆ ಎರಡನೆಯದನ್ನು ತರುತ್ತೇನೆ. ಹೀಗೆ ಒಂಬತ್ತನೆಯದು ನಿಮ್ಮ ಕೈಗೆ ಬರುವಾಗ ಕೊನೆಯ ಹಾಳೆಗಳನ್ನು ಸ್ವಲ್ಪ ನಿಧಾನವಾಗಿ ಮಗುಚಿ. ಹೊಗೆಯ ವಾಸನೆ ಇನ್ನೂ ಹೋಗಿಲ್ಲ.