ಜಗಲಿಯ ಹೊಗೆ

ಕೇಳುಗರೇ, ನಮಸ್ಕಾರ.

ನಮ್ಮದು ಹಂಚಿನ ಮನೆಯಾಗಿತ್ತು. ನಡುಮನೆಯ ಮಾಡಿಗೆ ಒಂದೇ ಒಂದು ಗಾಜಿನ ಹಂಚು. ಬೆಳಿಗ್ಗೆ ಹತ್ತರ ಹೊತ್ತಿಗೆ ಅದರಿಂದ ಬಿಸಿಲಿನ ಕೋಲು ಇಳಿಯುತ್ತಿತ್ತು. ಅಮ್ಮ ಅದೇ ಬೆಳಕಿನಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಅಪ್ಪ ಹೊರಗೆ ಜಗಲಿಯಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. ಮನೆಯೊಳಗೆ ಸೇದಬಾರದು ಅನ್ನುವುದು ಅವರ ನೇಮ. ಆದರೆ ಬೀಡಿ ಹಚ್ಚಿದ ಸ್ವಲ್ಪ ಹೊತ್ತಿಗೆ ಆ ಬಿಸಿಲ ಕೋಲಿನಲ್ಲಿ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಕಾಣುತ್ತಿತ್ತು. ನಾನು ಅದನ್ನು ಹಿಡಿಯಲು ಕೈ ಆಡಿಸುತ್ತಿದ್ದೆ. ಬಿಸಿಲು ಸರಿದ ಮೇಲೆ ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಅಲ್ಲೇ ಇರುತ್ತಿತ್ತು. ಇವತ್ತು ನಾನು ಮಾತಾಡಬೇಕಾದದ್ದು ಅದರ ಬಗ್ಗೆಯೇ.

ಸೇದುವವರು ಎಳೆದು ಬಿಡುವುದು ಒಂದು ಹೊಗೆ. ಎರಡು ದಮ್ಮಿನ ನಡುವೆ ಬೆರಳ ಸಂದಿಯಲ್ಲಿ ಬೀಡಿ ಸುಮ್ನೆ ಉರಿಯುತ್ತಿರುತ್ತದಲ್ಲ, ಆಗ ತುದಿಯಿಂದ ಏಳುವುದು ಇನ್ನೊಂದು. ಪಕ್ಕದವರ ಪಾಲಿಗೆ ಜಾಸ್ತಿ ಬರುವುದು ಈ ಎರಡನೆಯದು. ದಮ್ಮು ಎಳೆಯದಿದ್ದಾಗ ಕೆಂಡದ ಕಾವು ಕಡಿಮೆ, ಉರಿ ಅರೆಬರೆ. ಹಸಿ ಸೌದೆಯ ಒಲೆ ನೆನಪಿಸಿಕೊಳ್ಳಿ. ಉರಿ ತಗ್ಗಿದಾಗಲೇ ಕಣ್ಣು ಉರಿಯುವಷ್ಟು ಹೊಗೆ, ಅಲ್ವಾ? ಇಲ್ಲೂ ಹಾಗೇ. ಕಾರ್ಬನ್ ಮಾನಾಕ್ಸೈಡ್, ಅಮೋನಿಯದಂಥ ವಿಷಾನಿಲಗಳು ತುದಿಯ ಹೊಗೆಯಲ್ಲೇ ಜಾಸ್ತಿ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು.

ಜಪಾನಿನಲ್ಲಿ ತಕೇಶಿ ಹಿರಾಯಾಮ ಎಂಬ ವೈದ್ಯರಿದ್ದರು. ಸಿಗರೇಟು ಮುಟ್ಟದ 91,540 ಮದುವೆಯಾದ ಹೆಂಗಸರನ್ನು 14 ವರ್ಷ ಗಮನಿಸಿ, 1981ರಲ್ಲಿ ಕಂಡದ್ದನ್ನು ಪ್ರಕಟಿಸಿದರು. ಗಂಡ ಸೇದುವುದು ಹೆಚ್ಚಿದ್ದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿತ್ತು. ತಂಬಾಕು ಕಂಪನಿಗಳು ಅದನ್ನು ಸುಳ್ಳು ಮಾಡಲು ಬಹಳ ಹೆಣಗಿದವು. ಆಗಲಿಲ್ಲ. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಅದೇ ಕಂಡುಬಂತು. ಹೃದಯದ ಕಾಯಿಲೆಯ ಅಪಾಯವೂ ಕಾಲುಪಾಲಿನಷ್ಟು ಏರುತ್ತದೆ. ಮಕ್ಕಳಿಗೆ ಅಸ್ತಮಾ ಕೆರಳುತ್ತದೆ, ಕಿವಿಯ ಸೋಂಕು ಬರುತ್ತದೆ. ಬಸುರಿ ಹೊಗೆ ಕುಡಿದರೆ ಹುಟ್ಟುವ ಮಗುವಿನ ತೂಕ ಕಮ್ಮಿಯಾಗುತ್ತದೆ.

ನಮ್ಮ ದೇಶದಲ್ಲಿ 2008ರ ಅಕ್ಟೋಬರ್ 2ರಿಂದ ಕಚೇರಿ, ಹೋಟೆಲು, ಬಸ್‌ಸ್ಟ್ಯಾಂಡಿನಂಥ ಕಡೆ ಸೇದುವುದಕ್ಕೆ ನಿಷೇಧವಿದೆ. ಕರ್ನಾಟಕದಲ್ಲಿ ದಂಡ 200 ರೂಪಾಯಿ ಇದ್ದದ್ದು ಈಗ 1,000 ಆಗಿದೆ. ಒಳ್ಳೆಯದೇ ಆಯಿತು. ಆದರೆ ಕಾನೂನು ನಮ್ಮ ಹೊಸಿಲು ದಾಟಿ ಬರುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದ ದೊಡ್ಡವರಲ್ಲಿ ನೂರಕ್ಕೆ 38ಕ್ಕೂ ಹೆಚ್ಚು ಮಂದಿ ಸ್ವಂತ ಮನೆಯಲ್ಲೇ ಈ ಹೊಗೆ ಕುಡಿಯುತ್ತಿದ್ದರು.

ಮನೆಯಲ್ಲಿ ಬೇಡ ಅನ್ನುವವರು ಯಾರು? ಇದೇ ಕಷ್ಟ. ಮಾವ ಸೋಫಾದಲ್ಲಿ ಕೂತು ಸಿಗರೇಟು ಹಚ್ಚಿದರೆ, ಬಾಣಂತಿ ಸೊಸೆ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆಯೇ ಹೊರತು ಬಾಯಿ ತೆಗೆಯುವುದಿಲ್ಲ. ಬೀಗರು ಬಂದಾಗ ನಾವೇ ತಟ್ಟೆ ತಂದಿಡುತ್ತೇವೆ, ಬೂದಿ ಉದುರಿಸಲು. ಮಗನಾದವನು ಹೇಳಲಿ. ಹೆಂಡತಿಗಾಗಿ, ಮಗುವಿಗಾಗಿ ಅವನೇ ಅಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಲಿ. ಹೊಗೆಯ ವಿಚಾರ ಗೊತ್ತಾದರೆ ಬಹಳ ಅಜ್ಜಂದಿರು ಮೊಮ್ಮಗುವಿಗೋಸ್ಕರ ಎದ್ದು ಹೋಗುತ್ತಾರೆ.

ಕಿಟಕಿ ತೆಗೆದಿದ್ದೇವೆ, ಫ್ಯಾನ್ ಹಾಕಿದ್ದೇವೆ ಅನ್ನುತ್ತೀರಿ. ಫ್ಯಾನು ಹೊಗೆಯನ್ನು ಮೂಲೆ ಮೂಲೆಗೂ ಹಂಚುತ್ತದೆ. ಊದುಬತ್ತಿ ಹಚ್ಚಿದರೆ ವಾಸನೆ ಮುಚ್ಚುತ್ತದೆ, ಅದರ ಹೊಗೆಯೂ ಸೇರುತ್ತದೆ. ಬೀಡಿ, ಸಿಗರೇಟು ಆರಿದ ಮೇಲೂ ತಂಬಾಕಿನ ನಿಕೋಟಿನ್ ಪರದೆಗೆ, ಹಾಸಿಗೆಗೆ, ಅಂಗಿಗೆ ಅಂಟಿಕೊಂಡಿರುತ್ತದೆ. ಸೇದಿ ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದು ಅಂಗಿ ಬದಲಿಸಿದರೆ ಒಳ್ಳೆಯದು.

ಅಮ್ಮನಿಗೆ ಐವತ್ತು ದಾಟುವಾಗ ಉಬ್ಬಸ ಶುರುವಾಯಿತು. ಸೌದೆ ಒಲೆಯೂ ಇತ್ತು, ಎಲ್ಲವನ್ನೂ ಬೀಡಿಯ ಮೇಲೆ ಹಾಕಲಾರೆ. ಡಾಕ್ಟರು ಚೀಟಿ ಬರೆಯುತ್ತಾ, "ಮನೇಲಿ ಯಾರಾದ್ರೂ ಸೇದ್ತಾರಾ?" ಅಂತ ಕೇಳಿದರು. ಎಕ್ಸ್‌ರೇ ಕವರು ಹಿಡಿದು ನಿಂತಿದ್ದ ಅಪ್ಪ ತಲೆ ತಗ್ಗಿಸಿದರು. ಅವತ್ತು ಸಂಜೆಯಿಂದ ಅವರ ಬೀಡಿ ಹಿತ್ತಿಲಾಚೆಯ ಹಲಸಿನ ಮರದ ಬುಡಕ್ಕೆ ಹೋಯಿತು. ಮಳೆಗಾಲದಲ್ಲಿ ಕೊಡೆ ಹಿಡಿದು ಅಲ್ಲೇ ನಿಲ್ಲುತ್ತಿದ್ದರು. ಅಷ್ಟು ದೂರ ನಡೆಯುವ ಬೇಸರಕ್ಕೆ ದಿನಕ್ಕೊಂದು ಕಟ್ಟು ಇದ್ದದ್ದು ನಾಲ್ಕೈದು ಬೀಡಿಗೆ ಇಳಿಯಿತು. ಪೂರ್ತಿ ಬಿಡಲು ಅವರಿಂದ ಆಗಲಿಲ್ಲ. ಆಗ ನೆರವು ಎಲ್ಲಿ ಸಿಗುತ್ತದೆ ಅಂತ ನಮಗೂ ಗೊತ್ತಿರಲಿಲ್ಲ.

ಈಗ ಇದೆ. ಬಿಡಬೇಕು ಅನ್ನುವವರಿಗೆ ಸರ್ಕಾರದ ಉಚಿತ ಫೋನು. ಕನ್ನಡದಲ್ಲೂ ಮಾತಾಡುತ್ತಾರೆ. ಪೆನ್ನು ತೆಗೆದುಕೊಳ್ಳಿ: 1800 11 2356. ಇನ್ನೊಮ್ಮೆ ಹೇಳುತ್ತೇನೆ, 1800 11 2356.

ನಮಸ್ಕಾರ.